ಬೆರಳೆತ್ತಿದರೂ ನಿಲ್ಲದ ದನಿ

ಕನ್ನಡಕದಂಗಡಿಯ ಒಡತಿಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳ ಕಾಟವಿರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವಳು ಕೌಂಟರಿನ ಹಿಂದೆ ಲ್ಯಾಪ್‌ಟಾಪ್ ತೆರೆದು ತನ್ನ ಹವ್ಯಾಸಿ ರೇಡಿಯೋ ಕೇಂದ್ರ ನಡೆಸುತ್ತಿದ್ದಳು. ಕೇಂದ್ರ ಇದ್ದದ್ದು ಅಂಗಡಿಯಲ್ಲಲ್ಲ, ಒಂದೂವರೆ ಗಂಟೆ ದೂರದ ದಿಬ್ಬದ ಮೇಲಿನ ಅಕ್ಕನ ಮನೆಯಲ್ಲಿ. ಇವಳು ವಾಸವಿದ್ದ ಕಟ್ಟಡದಲ್ಲಿ ಆಂಟೆನಾ ಎತ್ತಲು ಸಂಘದವರು ಒಪ್ಪಿರಲಿಲ್ಲ; ಅಕ್ಕ ಮಹಡಿಯ ಕೋಣೆ ಬಿಟ್ಟುಕೊಟ್ಟಿದ್ದಳು. ಯಂತ್ರ ಅಲ್ಲಿ, ಬೆರಳು ಇಲ್ಲಿ, ನಡುವೆ ಇಂಟರ್ನೆಟ್ಟು. ಇಲ್ಲಿ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದ ಗುಂಡಿ ಒತ್ತಿದರೆ ಅಲ್ಲಿಂದ ದನಿ ಸಮುದ್ರ ದಾಟುತ್ತಿತ್ತು.

ಆ ಮಂಗಳವಾರ ಯಾವುದೋ ದ್ವೀಪದ ಶಾಲಾ ಮಾಸ್ತರರೊಬ್ಬರ ಜೊತೆ ಮಾತು ಒಳ್ಳೆ ಕುದುರಿತ್ತು. ಒಂದು ಗೆರೆ ಒತ್ತಿದಳು. ಪರದೆ ಹಾಗೇ ಮರಗಟ್ಟಿತು. ಅಕ್ಕನ ಮನೆಯ ಇಂಟರ್ನೆಟ್ಟು ಹೋಗಿತ್ತು. ಬೆರಳೆತ್ತಿದಳು, ಆದರೆ ಎತ್ತಿದ ಸುದ್ದಿ ಅಲ್ಲಿಗೆ ಮುಟ್ಟಲಿಲ್ಲ. ಕಿಟಕಿಯಲ್ಲಿಟ್ಟಿದ್ದ, ಗಾಳಿಯಿಂದಲೇ ದನಿ ಹಿಡಿಯುವ ಪುಟ್ಟ ರಿಸೀವರು ಪೀ... ಎಂದು ಒಂದೇ ಸಮನೆ ಕೂಗುತ್ತಿತ್ತು. ದಿಬ್ಬದ ಮೇಲಿನ ಯಂತ್ರ ತನ್ನಷ್ಟಕ್ಕೆ ತಾನು ಒದರುತ್ತಲೇ ಇತ್ತು.

ಪರದೆಯ ಮೇಲೆ ಕೊನೆಯದಾಗಿ ಉಳಿದಿದ್ದ ಅಂಕಿ, ದನಿಗೆ ಬಲ ಕೊಡುವ ಆಂಪ್ಲಿಫೈಯರಿನ ಬಿಸಿ: ಅರವತ್ತನಾಲ್ಕು ಡಿಗ್ರಿ.

ಮೂರು ನಿಮಿಷಕ್ಕೆ ತಾನಾಗಿ ಆರಿಸುವ ಕಾವಲು ಗಡಿಯಾರವೊಂದು ಆ ಯಂತ್ರದಲ್ಲಿತ್ತು. ಮಾತಿನ ನಡುವೆ ಅದು ಕತ್ತರಿ ಹಾಕುತ್ತದೆಂದು ಬೇಸತ್ತು ಹೋದ ತಿಂಗಳು ಅವಳೇ ಅದನ್ನು ತೆಗೆದಿದ್ದಳು. ದೂರದಿಂದ ಕರೆಂಟು ಕಡಿಯುವ ಸ್ವಿಚ್ಚೂ ಅದೇ ಇಂಟರ್ನೆಟ್ಟಿನ ಬಾಲಕ್ಕೆ ಕಟ್ಟಿತ್ತು. ಮೇಲಾಗಿ ಆಂಪ್ಲಿಫೈಯರಿನ ಪಕ್ಕದಲ್ಲೇ ಅಕ್ಕ ಹಳೇ ಹಾಸಿಗೆಗಳನ್ನು ಪೇರಿಸಿದ್ದಳು. ಕೆಳಗೆ ಅಕ್ಕನ ಅತ್ತೆ, ಎಂಬತ್ತರ ಅಜ್ಜಿ, ಮಧ್ಯಾಹ್ನದ ನಿದ್ದೆಯಲ್ಲಿರುವ ಹೊತ್ತು. ಅಜ್ಜಿಗೆ ಕಿವಿ ದೂರ.

ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಆಪರೇಷನ್ ಥಿಯೇಟರಿನ ನರ್ಸು, ಫೋನು ಬೀರುವಿನಲ್ಲಿ. ಭಾವ ಬಸ್ಸಿನ ಚಾಲಕ, ಎತ್ತಲಿಲ್ಲ. ಅಜ್ಜಿಯ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಅಗ್ನಿಶಾಮಕದವರಿಗೆ ಮಾಡಿದರೆ, "ಹೊಗೆ ಕಾಣ್ತಿದೆಯಾ? ನೀವು ಮನೇಲಿದ್ದೀರಾ?" ಎಂದು ಕೇಳಿ, ಗಾಡಿ ಬರಲು ಮುಕ್ಕಾಲು ಗಂಟೆ ಎಂದರು.

ಉಳಿದವನು ಒಬ್ಬನೇ: ಕಂಬದಣ್ಣ. ನಿವೃತ್ತ ಲೈನ್‌ಮ್ಯಾನು, ಅವನೂ ರೇಡಿಯೋದವನು. ದಿಬ್ಬದಿಂದ ಎರಡೇ ಮೈಲಿ. ಆದರೆ ಮಾತು ಬಿಟ್ಟು ವರ್ಷವಾಗಿತ್ತು. ಹವ್ಯಾಸಿಗಳ ಸಭೆಯಲ್ಲಿ ಅವನು, "ತೊಟ್ಟಿಲು ಒಂದೂರಲ್ಲಿ, ತೂಗೋಳು ಇನ್ನೊಂದೂರಲ್ಲಿ. ಇದೂ ಒಂದು ರೇಡಿಯೋನಾ?" ಅಂದಿದ್ದ. "ನಿಮ್ಮ ಕಾಲ ಮುಗೀತು ಬಿಡಿ," ಅಂತ ಎಲ್ಲರೆದುರೇ ಇವಳು ತಿರುಗೇಟು ಕೊಟ್ಟಿದ್ದಳು.

ಮಾನ ನೋಡಿಕೊಂಡು ಕೂರುವ ಹೊತ್ತಲ್ಲ. ಒಂದೇ ರಿಂಗಿಗೆ ಎತ್ತಿದ.

"ಕಂಬದಣ್ಣ, ನಾನು..."

"ಗೊತ್ತು. ಕೇಳಿಸ್ತಾ ಇದೆ. ಯಾರಪ್ಪಾ ಇದು ಗುಂಡಿ ಮೇಲೆ ಕೈ ಇಟ್ಟು ಮಲಗಿರೋದು ಅಂತ ನೋಡ್ತಿದ್ದೆ. ನಿಂದೇನಾ?"

"ನಂದೇ. ಆರಿಸಕ್ಕಾಗ್ತಿಲ್ಲ. ಕೆಳಗೆ ಅಜ್ಜಿ ಒಬ್ಬರೇ ಇದಾರೆ, ಬಾಗಿಲು ಒಳಗಿಂದ ಹಾಕಿದೆ..."

"ಮೀಟರು ಹೊರಗಿದೆಯಾ, ಒಳಗಾ?"

"ಹಿಂದಿನ ಗೋಡೇಲಿ. ಕಾಂಪೌಂಡು ಹತ್ತಬೇಕು. ನಿಮ್ಮ ಮಂಡಿ..."

"ಮಂಡಿ ವಿಷಯ ಆಮೇಲೆ," ಎಂದು ಫೋನಿಟ್ಟ.

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ತಿರುಪು ಉದುರಿದ ಕನ್ನಡಕ ಮುಂದಿಟ್ಟರು. ಅವಳು ರಿಪೇರಿಗೆ ಕೂತಳು. ಸಾಸಿವೆಯಷ್ಟರ ತಿರುಪು ಬೆರಳಿನಿಂದ ಎರಡು ಸಲ ಜಾರಿ ನೆಲಕ್ಕುರುಳಿತು.

"ಅದೇನಮ್ಮಾ ಆ ಸದ್ದು, ಕಿವಿ ಕಿತ್ತು ಬರ್ತಿದೆ. ಆರಿಸಬಾರದಾ?" ಎಂದರು ಅವರು.

"ಅದನ್ನೇ ನಾನೂ ನೋಡ್ತಿದೀನಿ," ಎಂದಳು.

ಹನ್ನೆರಡನೇ ನಿಮಿಷಕ್ಕೆ ದನಿ ಒಡೆದಂತೆ ನಡುಗಿತು. ಆಮೇಲೆ ಥಟ್ಟನೆ ನಿಂತಿತು.

ಇಷ್ಟು ಹೊತ್ತು ನಿಲ್ಲಲಿ ನಿಲ್ಲಲಿ ಎಂದುಕೊಂಡವಳಿಗೆ ಈಗ ಆ ಮೌನವೇ ಬೇಡವಾಯಿತು. ಅವನು ಕರೆಂಟು ತೆಗೆದನೋ, ಯಂತ್ರ ಹೊತ್ತಿಕೊಂಡಿತೋ? ಕಂಬದಣ್ಣನಿಗೆ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಗಿರಾಕಿ ಹೋದದ್ದೂ ತಿಳಿಯಲಿಲ್ಲ. ಅಂಗಡಿಯ ಬಾಗಿಲೆಳೆದು, ಕೀಲಿ ಹಾಕಲು ತೂತು ಸಿಗದೆ ಒದ್ದಾಡುತ್ತಿದ್ದಾಗ ಫೋನು ಬಡಿದುಕೊಂಡಿತು.

"ಮೇನ್ ಸ್ವಿಚ್ಚು ತೆಗೆದೆ ಕಣಮ್ಮಾ," ಕಂಬದಣ್ಣ ಏದುಸಿರು ಬಿಡುತ್ತಿದ್ದ. "ಮೇಲೂ ಹೋಗಿ ಬಂದೆ. ಬೆಂಕಿ ಇಲ್ಲ. ಹಾಸಿಗೆ ಅಂಚು ಕಂದಿದೆ, ಅಷ್ಟೇ. ಫೋನೆತ್ತೋಕೆ ಕೈ ಬಿಡುವಿರಲಿಲ್ಲ. ಫ್ಯಾನು ನಿಂತ ಸೆಕೆಗೆ ಈಯಮ್ಮ ಎದ್ದು ಬಂದು, ಕಳ್ಳ ಅಂತ ಪೊರಕೆ ತಗೊಂಡು ನಾಲ್ಕು ಬಿಟ್ಟರು. ನಿನ್ನ ಹೆಸರು ಬರೆದು ತೋರಿಸಿದ ಮೇಲೇ ಬಿಟ್ಟಿದ್ದು."

ಅವಳು ಅಂಗಡಿಯ ಮೆಟ್ಟಿಲ ಮೇಲೇ ಕೂತು, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. "ಅವತ್ತು ಸಭೇಲಿ ಹಾಗೆ ಅನ್ನಬಾರದಿತ್ತು, ಕಂಬದಣ್ಣ," ಎಂದಳು.

"ಆಯ್ತು ಆಯ್ತು. ಮೊದಲು ಬಂದು ಈ ಹಾಸಿಗೆ ಎತ್ತು."

ಸಂಜೆ ಅಕ್ಕ ಮಹಡಿಯ ಕೋಣೆಯಲ್ಲಿ ಕಂದಿದ ಹಾಸಿಗೆಯ ಮೇಲೆ ಕೈಯಾಡಿಸಿದಳು. ಬೈದಿದ್ದರೆ ವಾಸಿಯಿತ್ತು. ಕೊನೆಗೆ, "ಕೆಳಗೆ ಅತ್ತೆ ಮಲಗಿದ್ದರು ಕಣೇ," ಎಂದಷ್ಟೇ ಅಂದಳು. ತಂಗಿ ತಲೆ ತಗ್ಗಿಸಿ ವೈರು ಬಿಚ್ಚಲು ಕೈ ಹಾಕಿದಳು.

ತಡೆದವರು ಅಜ್ಜಿ. ಆಗಿದ್ದನ್ನು ಕಂಬದಣ್ಣ ಚೀಟಿಯಲ್ಲಿ ಬರೆದು ಬರೆದು ತಿಳಿಸಿದ್ದ. "ಕಿವಿ ಇಲ್ಲದಿದ್ದರೇನು, ಕಣ್ಣಿಲ್ವಾ ನಂಗೆ? ನನ್ನ ಮಂಚದ ಹತ್ತಿರ, ಯಂತ್ರ ಒದರುವಾಗ ಹೊತ್ತೋ ಒಂದು ಕೆಂಪು ದೀಪ ಹಾಕಿ, ಅದನ್ನ ಆರಿಸೋಕೆ ಒಂದು ಸ್ವಿಚ್ಚು ಕೊಡಿ. ದಿನವೆಲ್ಲಾ ಗೋಡೆ ನೋಡ್ಕೊಂಡು ಕೂತಿರ್ತೀನಿ, ದೀಪ ನೋಡಕ್ಕೇನು ರೋಗ?"

ಅಕ್ಕ ಮಣಿದಳು, ಅರೆಮನಸ್ಸಿನಿಂದಲೇ. ಕಂಬದಣ್ಣ ವೈರು ಎಳೆದ, ಕಾವಲು ಗಡಿಯಾರವೂ ಮರಳಿ ಕೂತಿತು, ಹಾಸಿಗೆಗಳು ಕೆಳಗಿಳಿದವು.

ಹತ್ತು ದಿನ ಅವಳು ಗುಂಡಿ ಮುಟ್ಟಲಿಲ್ಲ. ಹನ್ನೊಂದನೆಯ ದಿನ ಧೈರ್ಯ ಮಾಡಿ ಮಾಸ್ತರರನ್ನು ಕರೆದಳು. ಅವರು ಸಿಕ್ಕರು. ನಾಲ್ಕು ಮಾತಾಗಿರಲಿಲ್ಲ, ಎಲ್ಲಾ ಸತ್ತುಹೋಯಿತು. ಅವಳು ಕಂಬದಣ್ಣನ ನಂಬರು ಹುಡುಕತೊಡಗಿದಳು. ಅಷ್ಟರಲ್ಲಿ ಫೋನು, ಅಜ್ಜಿ.

"ಏನಿಲ್ಲ ಕಣೇ, ಸ್ವಿಚ್ಚು ಕೆಲಸ ಮಾಡುತ್ತೋ ಇಲ್ವೋ ಅಂತ ನೋಡಿದೆ. ಮಾಡುತ್ತೆ," ಎಂದವರೇ, ಈ ಕಡೆಯ ಮಾತು ಹೇಗೂ ಕೇಳಿಸುವುದಿಲ್ಲವಾದ್ದರಿಂದ, ಫೋನಿಟ್ಟರು.