ಬಲಗಾಲಿನ ಸದ್ದು

ನಮ್ಮವರ ಸೈಕಲ್ಲಿಗೆ ಒಂದು ಸದ್ದಿತ್ತು. ಬಲಗಾಲು ಒತ್ತಿದಾಗಲೆಲ್ಲ ಕಿರ್ರ್ ಅನ್ನುತ್ತಿತ್ತು, ಎಡಗಾಲಿಗೆ ಸುಮ್ಮನಿರುತ್ತಿತ್ತು. ಬೆಟ್ಟ ಹತ್ತುವ ದಪ್ಪ ಚಕ್ರದ ಸೈಕಲ್ಲು ಅದು. ಮದುವೆಯಾದಾಗಿನಿಂದ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದವರಲ್ಲ, ಅದರ ಚೈನನ್ನು ಮಾತ್ರ ಗಂಟೆಗಟ್ಟಲೆ ನೋಡುತ್ತಾ ಕೂರುತ್ತಿದ್ದರು. ವಾರವಿಡೀ ಊರಿನ ಲಿಫ್ಟುಗಳನ್ನು ರಿಪೇರಿ ಮಾಡುವ ಮನುಷ್ಯ ಭಾನುವಾರ ಬಂತೆಂದರೆ ಬೆಟ್ಟ ಹತ್ತಲು ಹೊರಡುತ್ತಿದ್ದರು.

"ವಾರವೆಲ್ಲಾ ಮೇಲೆ ಕೆಳಗೆ ಓಡಾಡಿದ್ದು ಸಾಲ್ದೇನ್ರೀ?" ಅಂದರೆ, "ಲಿಫ್ಟಲ್ಲಿ ಹೋಗೋರು ಬೇರೆಯವರು ಕಣೇ. ನಾನು ಹೋಗೋದು ಇದರಲ್ಲೇ" ಅನ್ನುತ್ತಿದ್ದರು.

ಅಷ್ಟು ಜೋಪಾನ ಮಾಡುವವರು ಆ ಸದ್ದನ್ನು ಮಾತ್ರ ಸರಿ ಮಾಡಿಸಲಿಲ್ಲ. ಕೇಳಿದರೆ, "ಇರ್ಲಿ ಬಿಡು, ನಾನು ಬಂದೆ ಅಂತ ನಿನಗೆ ಗೊತ್ತಾಗುತ್ತಲ್ಲ" ಎಂಬ ಉತ್ತರ. ಗೊತ್ತಾಗುತ್ತಿತ್ತು. ಬೀದಿಯ ತಿರುವಿನಲ್ಲಿ ಕಿರ್ರ್ ಕೇಳಿದ ಕೂಡಲೇ ನಾನು ಟೀಗೆ ನೀರಿಡುತ್ತಿದ್ದೆ. ಆಮೇಲೆ ಗೇಟಿನ ಸದ್ದು. ನಾನು ಅಡುಗೆಮನೆಯಿಂದಲೇ, "ರೀ, ಶೂ ಅಲ್ಲೇ ಬಿಡಿ, ಕೆಸರು ಒಳಗೆ ತರಬೇಡಿ" ಎಂದು ಕೂಗುತ್ತಿದ್ದೆ. ಅವರು ಕೇಳಿಸದವರ ಹಾಗೆ ಒಳಗೇ ಬರುತ್ತಿದ್ದರು. ಗಂಡಸರ ಕಿವಿ ದೇವರು ಯಾವ ಕಾರಣಕ್ಕೆ ಇಟ್ಟನೋ ಅವನಿಗೇ ಗೊತ್ತು.

ಆ ಭಾನುವಾರವೂ ತಿರುವಿನಲ್ಲಿ ಕಿರ್ರ್ ಕೇಳಿಸಿತು. ನೀರಿಟ್ಟೆ. ಶೂ ಬಗ್ಗೆ ಕೂಗಿದೆ. ಗೇಟು ತೆರೆಯಲಿಲ್ಲ. ಕೈ ಒರೆಸಿಕೊಂಡು ಹೊರಗೆ ಬಂದು ನೋಡಿದರೆ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಬೆಟ್ಟದ ಮೇಲಿನ ನೀರಿನ ಟ್ಯಾಂಕಿನ ಗೋಡೆಗೆ ಒರಗಿ ಕೂತಿದ್ದರಂತೆ, ಸೈಕಲ್ಲು ಪಕ್ಕದಲ್ಲೇ ಮಲಗಿತ್ತಂತೆ. ವಾಕಿಂಗ್ ಹೋದವರು ನೋಡುವ ಹೊತ್ತಿಗೆ ಜೀವ ಹೋಗಿ ಬಹಳ ಹೊತ್ತಾಗಿತ್ತು.

ಹಾಗಾದರೆ ನಾನು ಕೇಳಿದ್ದು ಏನು? ಯಾರಿಗೆ ನೀರಿಟ್ಟೆ? ಈ ಮಾತನ್ನು ನಾನು ಯಾರ ಮುಂದೆಯೂ ಹೇಳಿಲ್ಲ, ಹೆತ್ತ ಮಗಳ ಮುಂದೆಯೂ.

"ಹೃದಯ ತಟ್ಟಂತ ನಿಂತಿದೆಯಮ್ಮ, ಅವರಿಗೆ ಗೊತ್ತೇ ಆಗಿರಲ್ಲ" ಅಂದರು ಡಾಕ್ಟರು. ನಾನು ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಗೋಡೆಯ ಆಚೆಯಿಂದ ಆ ಮಾತನ್ನು ಎಷ್ಟು ಜನರಿಗೆ ಹೇಳಿದ್ದನ್ನು ಕೇಳಿಲ್ಲ ನಾನು! ಸಮಾಧಾನಕ್ಕೆ ಹೇಳುವ ಮಾತು ಅದು. ನನಗೆ ಬೇಕಾಗಿದ್ದು ಸಮಾಧಾನವಲ್ಲ. ಆ ಗೋಡೆಯ ಹತ್ತಿರ ಅವರು ಒಬ್ಬರೇ ಹೆದರಿಕೊಂಡಿದ್ದರೇ? ನನ್ನನ್ನು ಕರೆದರೇ? ಅದೊಂದು ಗೊತ್ತಾಗದೆ ನನಗೆ ಊಟ ಸೇರುತ್ತಿರಲಿಲ್ಲ. ಅಲ್ಲಿಗೆ ಹೋಗಬೇಕು, ಅವರು ಹೋದ ಹಾಗೇ ಹೋಗಬೇಕು, ಅವರು ಕೂತಲ್ಲಿ ಒಂದು ಸಲ ಕೂರಬೇಕು ಅನ್ನಿಸುತ್ತಿತ್ತು.

ಸೈಕಲ್ಲು ನಡುಮನೆಯ ಗೋಡೆಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು. "ಮಾರಿಬಿಡೋಣ ಅಮ್ಮ, ನೋಡಿದಾಗಲೆಲ್ಲ ಸಂಕಟ ಆಗುತ್ತೆ" ಅಂದಳು ಮಗಳು.

"ಯಾಕೆ ಮಾರೋದು? ನಾನು ಓಡಿಸ್ತೀನಿ."

"ನೀನಾ? ಮೆಟ್ಟಿಲು ಹತ್ತೋಕೇ ಮೊಣಕಾಲು ಹಿಡ್ಕೊತೀಯ."

"ಮೊಣಕಾಲು ನಂದು, ನಿನ್ನದಲ್ಲವಲ್ಲ" ಅಂದೆ. ಬಾಯಿಂದ ಬಿದ್ದ ಮಾತು, ಇನ್ನು ಹಿಂದೆ ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ.

ಹುಡುಗಿಯಾಗಿದ್ದಾಗ ಕಲಿತ ವಿದ್ಯೆ ಕಾಲಿಗೆ ನೆನಪಿತ್ತು. ಸೀಟು ತಗ್ಗಿಸಿಕೊಂಡು ಹೊರಟೆ. ಬೀದಿ ದಾಟುವ ಮೊದಲೇ ನನ್ನ ಬಲಗಾಲಿನ ಕೆಳಗಿನಿಂದ ಕಿರ್ರ್ ಅಂದಿತು. ಇಷ್ಟು ವರ್ಷ ದೂರದಿಂದ ನನ್ನ ಕಡೆಗೆ ಬರುತ್ತಿದ್ದ ಸದ್ದು ಈಗ ನನ್ನ ಮೈಯಿಂದಲೇ ಹೊರಟಿತ್ತು. ಆದರೂ ಬೆಟ್ಟದ ಬುಡದವರೆಗೆ ಹೋದೆ. ಏರು ಶುರುವಾದ ಕೂಡಲೇ ಸದ್ದಿನ ಲಯ ಬದಲಾಯಿತು. ನಾನು ನಿಧಾನ ತುಳಿಯುತ್ತಿದ್ದೆ, ಅದು ಬೇಗ ಬೇಗ ಕೇಳಿಸುತ್ತಿತ್ತು, ಅವರ ಕಾಲಿನ ಲೆಕ್ಕದಲ್ಲಿ. ನಾನು ತುಳಿಯುವುದನ್ನೇ ನಿಲ್ಲಿಸಿದೆ. ಇನ್ನೂ ಎರಡು ಸಲ ಕೇಳಿಸಿ ಆಮೇಲೆ ನಿಂತಿತು. ಹೆದರಿ ಸೈಕಲ್ಲು ತಿರುಗಿಸಿ ಮನೆಗೆ ಬಂದೆ. ಮತ್ತೆ ಹೋದಾಗಲೂ ಅಷ್ಟೇ, ಏರಿನ ಬುಡದಲ್ಲಿ ಆ ಸದ್ದು ನನ್ನನ್ನು ಹಿಂದಕ್ಕೆ ಅಟ್ಟುತ್ತಿತ್ತು.

ಹೊರಗೆ ಹಾಗಿರಲಿ. ಒಂದು ಸಂಜೆ ನಡುಮನೆಯಲ್ಲಿ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದೆ. ಗೋಡೆಯ ಮೇಲಿಂದ ಕಿರ್ರ್ ಎಂದಿತು. ಒಂದೇ ಸಲ. ತಲೆ ಎತ್ತಿ ನೋಡಿದರೆ ಬಲಗಡೆಯ ಪೆಡಲು ಸಣ್ಣಗೆ ಅಲ್ಲಾಡುತ್ತಿತ್ತು, ಈಗಷ್ಟೇ ಯಾರೋ ಕಾಲು ತೆಗೆದ ಹಾಗೆ. ಕಿಟಕಿ ಮುಚ್ಚಿತ್ತು. ಮಗಳು ಕೆಲಸದಿಂದ ಬಂದಿರಲಿಲ್ಲ. ನಾನು ಮಡಿಸುತ್ತಿದ್ದ ದಿಂಬಿನ ಕವರನ್ನು ಎದೆಗೆ ಒತ್ತಿಕೊಂಡು, "ಬದುಕಿದ್ದಾಗಲೂ ಹೇಳಿದ್ದು ಕೇಳಲಿಲ್ಲ, ಈಗಲಾದರೂ ಸುಮ್ಮನಿರಿ" ಎಂದು ಬೈದೆ.

ಮಾರನೆಯ ದಿನ ಸೈಕಲ್ಲನ್ನು ರಿಪೇರಿಯವನ ಹತ್ತಿರ ಒಯ್ದೆ. ಅವನನ್ನು ಎಲ್ಲರೂ ಪಾನಾ ಎಂದೇ ಕರೆಯುವುದು. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ಅವನು ಜೇಬಿನಲ್ಲಿ ಸದಾ ನಟ್ಟು ಬಿಗಿಯುವ ಒಂದು ಪಾನಾ ಸಿಕ್ಕಿಸಿಕೊಂಡಿರುತ್ತಾನೆ. ನಮ್ಮವರ ಗೆಳೆಯ.

"ಈ ಸದ್ದು ಹೋಗಬೇಕು. ಏನು ಬದಲಾಯಿಸ್ತೀಯೋ ಬದಲಾಯಿಸು."

ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸೈಕಲ್ಲಿನ ಹೊಟ್ಟೆಗೆ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಪೆಡಲು ತಿರುಗಿಸಿ ಕೇಳಿದ. "ಪೆಡಲಿನ ತೋಳು ತಿರುಗುತ್ತಲ್ಲ, ಆ ಕ್ರ್ಯಾಂಕಿನ ಬೇರಿಂಗ್ ಅಕ್ಕ. ನೂರಕ್ಕೆ ನೂರು."

ಬೇರಿಂಗ್ ಹೊಸದಾಯಿತು, ಸದ್ದು ಹೋಗಲಿಲ್ಲ. ಹಾಗಾದರೆ ಕ್ರ್ಯಾಂಕೇ ಇರಬೇಕು ಅಂದ. ಆಮೇಲೆ ಚೈನು, ಗೇರು. ಆಮೇಲೆ ಸೀಟಿನ ಕೊಳವೆ. ಅಷ್ಟರಲ್ಲಿ ಅವನಿಗೂ ಹುಚ್ಚು ಹಿಡಿದಿತ್ತು. ಹಿಂದಿನ ಚಕ್ರ, ಡಿಸ್ಕ್ ಬ್ರೇಕು, ಗುಂಡಿಗೆ ಇಳಿದರೆ ತಾನೇ ಕುಗ್ಗಿ ಏಳುವ ಮುಂದಿನ ಫೋರ್ಕು, ಎಲ್ಲಾ ಹೊಸದು. ಸೈಕಲ್ಲು ಮದುಮಗಳ ಹಾಗೆ ಮಿಂಚುತ್ತಿತ್ತು. ಕಿರ್ರ್ ಮಾತ್ರ ಇದ್ದಲ್ಲೇ ಇತ್ತು.

"ಇನ್ನು ಉಳಿದಿರೋದು ಫ್ರೇಮು ಮತ್ತೆ ಪೆಡಲು" ಅಂದ ಪಾನಾ, ತಲೆ ಕೆರೆದುಕೊಳ್ಳುತ್ತಾ. "ಸೈಕಲ್ ಒಳಗೆ ಪೊಳ್ಳಲ್ವಾ ಅಕ್ಕ, ಒಂದು ಕಡೆ ಆದ ಸದ್ದು ಇನ್ನೊಂದು ಕಡೆ ಕೇಳುತ್ತೆ. ನಾವೆಲ್ಲ ಬೇರಿಂಗನ್ನೇ ಬಯ್ತೀವಿ. ಕಾಲಿಡೋ ಜಾಗ ನೋಡಲ್ಲ. ಅಲ್ಲದೆ ನೀವೇ ಬೇಡ ಅಂದ್ರಿ."

ನಿಜ, ಪೆಡಲು ಮುಟ್ಟಬೇಡ ಅಂದಿದ್ದವಳು ನಾನೇ. ಅವರ ಬಲಗಾಲು ನಡೆಯುವಾಗ ಸ್ವಲ್ಪ ಹೊರಕ್ಕೆ ತಿರುಗುತ್ತಿತ್ತು. ಆ ಕಡೆಯ ಪೆಡಲಿನ ಹೊರ ಅಂಚು ಸವೆದು ನುಣ್ಣಗಾಗಿತ್ತು, ಕಾಲು ಜಾರದಿರಲೆಂದು ಇರುವ ಮೊಳೆಗಳ ತಲೆ ಮಾಯವಾಗಿತ್ತು. ಹೆಬ್ಬೆರಳಿನಿಂದ ಮುಟ್ಟಿದರೆ ಅವರ ಪಾದ ಸಿಗುತ್ತಿತ್ತು. ಆದರೆ ಆ ವಾರವೇ ಏರಿನ ಬುಡದಲ್ಲಿ ಅದೇ ಸವೆದ ಜಾಗದಿಂದ ನನ್ನ ಕಾಲು ಜಾರಿ, ಪೆಡಲು ತಿರುಗಿ ಬಂದು ಕಣಕಾಲನ್ನು ಸಿಗಿದಿತ್ತು. ಬ್ಯಾಂಡೇಜಿನ ಕೆಳಗೆ ಅದು ಇನ್ನೂ ಚುರುಗುಟ್ಟುತ್ತಿತ್ತು.

"ತೆಗಿ" ಅಂದೆ. "ಕಾಲು ಜಾರದ್ದು ಯಾವುದಿದೆ?"

"ಕ್ಲಿಪ್‌ಲೆಸ್ ಅಂತ ಇದೆ. ಶೂ ಕೆಳಗೆ ಒಂದು ಕಬ್ಬಿಣದ ತುಂಡು ಕೂರಿಸ್ತೀನಿ. ಒತ್ತಿದ್ರೆ ಟಕ್ ಅಂತ ಪೆಡಲು ಕಚ್ಕೊಳ್ಳುತ್ತೆ. ಏರಲ್ಲಿ ಎರಡು ಪಟ್ಟು ಬಲ."

"ಕ್ಲಿಪ್ಪೇ ಇಲ್ಲ ಅಂತ ಹೆಸರು, ಹಿಡಿದರೆ ಬಿಡೋದಿಲ್ಲ. ಚೆನ್ನಾಗಿದೆ ಕಣೋ ನಿಮ್ಮ ಭಾಷೆ. ಬಿಡಿಸ್ಕೊಳ್ಳೋದು ಹೇಗೆ?"

"ಮೇಲೆ ಎಳೆದ್ರೆ ಜಪ್ಪಯ್ಯ ಅಂದ್ರೂ ಬರಲ್ಲ. ಹಿಮ್ಮಡಿ ಹೊರಕ್ಕೆ ತಿರುಗಿಸಬೇಕು. ನಿಲ್ಲೋಕೆ ಮುಂಚೆ ತಿರುಗಿಸಬೇಕು, ನಿಂತ ಮೇಲಲ್ಲ. ಒಂದು ಸಲವಂತೂ ಬೀಳ್ತೀರ ಅಕ್ಕ. ಎಲ್ಲರೂ ಬೀಳ್ತಾರೆ, ನಿಂತಲ್ಲೇ, ಕಡಿದ ಬಾಳೆಗಿಡದ ಥರ."

ಹಳೆಯ ಪೆಡಲುಗಳನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದು, ಬಾಗಿಲ ಹೊರಗಿನ ಶೂ ಗೂಡಿನಲ್ಲಿ, ಅವರ ಶೂಗಳ ಪಕ್ಕ ಇಟ್ಟೆ.

ಸೈಕಲ್ಲು ಸುಮ್ಮನಾಯಿತು. ಬೀದಿಯಲ್ಲಿ ಸುಮ್ಮನೆ, ಗೋಡೆಯ ಮೇಲೂ ಸುಮ್ಮನೆ. ಬೇಕೆಂದು ಹಟ ಹಿಡಿದವಳು ನಾನೇ, ಸಿಕ್ಕ ಮೇಲೆ ತಡೆಯಲಾಗಲಿಲ್ಲ. ಬಟ್ಟೆ ಮಡಿಸುವಾಗ ಮತ್ತೆ ಮತ್ತೆ ಗೋಡೆ ನೋಡುತ್ತಿದ್ದೆ. ಅವರು ಎರಡನೆಯ ಸಲ ಹೋದ ಹಾಗಿತ್ತು, ಈ ಸಲ ನಾನೇ ಕಳಿಸಿದ ಹಾಗೆ. ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ಹೇಳುವ ಮಾತು, "ಉಸಿರು ಹಿಡ್ಕೊಳ್ಳಿ, ಅಲ್ಲಾಡಬೇಡಿ, ಹಾಂ, ಬಿಡಿ." ಒಂದು ದಿನ ಹಿಡ್ಕೊಳ್ಳಿ ಅಂದವಳು ಬಿಡಿ ಅನ್ನುವುದನ್ನು ಮರೆತು ಗೋಡೆ ನೋಡುತ್ತಾ ನಿಂತುಬಿಟ್ಟೆ. ಒಳಗಿದ್ದ ಮುದುಕರು ಕೆಂಪಗಾಗಿ, "ಏನಮ್ಮಾ, ನನ್ನ ಫೋಟೋ ತೆಗೀತೀಯೋ ಪ್ರಾಣ ತೆಗೀತೀಯೋ?" ಎಂದು ಕೂಗಿದರು.

ಮುಂದಿನ ಭಾನುವಾರ ಬೆಳಿಗ್ಗೆ, ಮಗಳು ಇನ್ನೂ ಹಲ್ಲುಜ್ಜುತ್ತಿರುವಾಗಲೇ ಹೊರಟೆ. ತಾರಸಿಯ ತಂತಿಯ ಮೇಲೆ ಒದ್ದೆ ಹಾಸಿಗೆ ಬಟ್ಟೆ ಹರಡಿ, ಶೂ ಕಟ್ಟಿಕೊಂಡು, ಟಕ್, ಟಕ್ ಎಂದು ಎರಡೂ ಕಾಲು ಕಚ್ಚಿಸಿಕೊಂಡೆ. ಏರಿನ ಬುಡ ಬಂತು. ಯಾರೂ ತಡೆಯಲಿಲ್ಲ. ಕಲ್ಲು, ಬೇರು, ಮಣ್ಣು ಎಲ್ಲದರ ಮೇಲೆ ಚಕ್ರ ಹತ್ತಿತು. ನನ್ನ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಹಕ್ಕಿಯೂ ಕೂಗಲಿಲ್ಲ. ಮೇಲೆ ಹೋದಷ್ಟೂ ಆ ಮೌನ ಬೆನ್ನಿಗೆ ಅಂಟಿಕೊಂಡು ಬರುತ್ತಿತ್ತು.

ತಿರುವಿನಲ್ಲಿ ಟ್ಯಾಂಕು ಕಾಣಿಸಿತು. ಒಂದು ಕಡೆ ಪಾಚಿ ಹಿಡಿದ ಗೋಡೆ, ಇನ್ನೊಂದು ಕಡೆ ಸಡಿಲ ಕಲ್ಲಿನ ಇಳಿಜಾರು, ಕೆಳಗೆ ತುಂಬಾ ದೂರದವರೆಗೆ. ಗೋಡೆ ನೋಡಿದ್ದೇ ತಡ, ನಾನು ತುಳಿಯುವುದನ್ನು ಮರೆತೆ. ಸೈಕಲ್ಲು ನಿಂತಿತು. ಕಾಲು ಕೆಳಗಿಡಲು ಹೋದೆ, ಬರಲಿಲ್ಲ. ಎಳೆದೆ. ಪಾನಾ ಹೇಳಿದ್ದೆಲ್ಲ ತಲೆಯಿಂದ ಹಾರಿಹೋಗಿತ್ತು. ಸೈಕಲ್ಲು ಇಳಿಜಾರಿನ ಕಡೆಗೆ ವಾಲಿತು.

ವಾಲಿ, ಅಲ್ಲೇ ನಿಂತಿತು.

ಬೀಳಬೇಕಾಗಿತ್ತು, ಬೀಳಲಿಲ್ಲ. ಸೀಟಿನ ಹಿಂದೆ ಯಾರೋ ಹಿಡಿದಿದ್ದರು. ಚೈನಿನ ಎಣ್ಣೆಯ ವಾಸನೆ, ಬೆವರಿನ ವಾಸನೆ. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಬೆನ್ನ ಹತ್ತಿರ ಒಂದು ಉಸಿರು ಕಟ್ಟಿಕೊಂಡಿತ್ತು. ಹಿಡಿದುಕೊಂಡವರ ಉಸಿರು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಎಷ್ಟು ಕಾಲದಿಂದ ಹಿಡಿದುಕೊಂಡಿದ್ದರೋ ಪಾಪ, ಬಿಡಿ ಅಂತ ಯಾರೂ ಹೇಳಿರಲಿಲ್ಲ. ನನ್ನ ಬಾಯಿಂದ ತಾನೇ ತಾನಾಗಿ ಬಂತು. "ಅಲ್ಲಾಡಬೇಡಿ... ಹಾಂ. ಬಿಡಿ."

ಸೈಕಲ್ಲು ಗೋಡೆಯ ಕಡೆಗೆ ವಾಲಿತು. ಬೀಳುವಾಗ ಹಿಮ್ಮಡಿ ತಿರುಗಿ ಶೂ ಟಕ್ಕನೆ ಬಿಟ್ಟುಕೊಂಡಿತು. ಮೊಣಕಾಲು ತರಚಿ, ಗೋಡೆಗೆ ಬೆನ್ನು ಹೊಡೆದು ಕೂತೆ. ಬೇರೆ ಜಾಗವೇ ಇರಲಿಲ್ಲ ಅಲ್ಲಿ, ಕೂತರೆ ಅವರು ಕೂತಲ್ಲೇ ಕೂರಬೇಕು.

ತಲೆ ಎತ್ತಿದೆ. ಮರಗಳ ಸಂದಿಯಲ್ಲಿ ಊರು ಕಾಣುತ್ತಿತ್ತು. ಊರಿನೊಳಗೆ ನಮ್ಮ ಬೀದಿ, ನಮ್ಮ ತಾರಸಿ. ತಂತಿಯ ಮೇಲೆ ನಾನು ಆಗತಾನೆ ಹರಡಿ ಬಂದ ನೀಲಿ ಹಾಸಿಗೆ ಬಟ್ಟೆ ಬೊಟ್ಟಿನಷ್ಟು. ಪ್ರತಿ ಭಾನುವಾರ ನಾನು ಬಟ್ಟೆ ಹರಡುವುದು ಆ ಹೊತ್ತಿಗೇ. ಅವರು ಕೊನೆಗೆ ನೋಡುತ್ತಿದ್ದದ್ದು ನಮ್ಮ ಮನೆಯನ್ನು. ನೋಡುತ್ತಾ ನೋಡುತ್ತಾ ಮನೆಗೆ ಹೊರಟಿದ್ದರು. ಮೈ ಮಾತ್ರ ಹಿಂದೆ ಉಳಿದಿತ್ತು. ಬಂದು ತಿರುವಿನಲ್ಲಿ ನಿಂತವರಿಗೆ ನಾನು ನೀರಿಟ್ಟಿದ್ದೆ, ಶೂ ಬಿಡಿ ಎಂದು ಬೈದಿದ್ದೆ. ಅಷ್ಟಾದರೂ ಕೇಳಿಸಿಕೊಂಡಿದ್ದರು. ಅಲ್ಲಿ ಕೂತು ಎದೆ ಬಿರಿಯುವ ಹಾಗೆ ಅತ್ತೆ.

ಇಳಿದು ಬರುವಾಗ ಸೈಕಲ್ಲು ಹಗುರವಾಗಿತ್ತು. ಬೀದಿಯ ತಿರುವಿನಲ್ಲಿ ಸದ್ದಿಲ್ಲದೆ ತಿರುಗಿದೆ, ಸದ್ದಿಲ್ಲದೆ ಗೇಟಿನ ಮುಂದೆ ನಿಂತೆ. ಈ ಸಲ ಹಿಮ್ಮಡಿಯನ್ನು ಮೊದಲೇ ತಿರುಗಿಸಿದ್ದೆ. ಮಗಳು ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಮ್ಮ, ಎಲ್ಲಿದ್ದೆ ಇಷ್ಟು ಹೊತ್ತು? ನೀನು ಆಗಲೇ ಬಂದೆಯಲ್ಲ?"

"ಈಗ ಬರ್ತಿದ್ದೀನಿ. ಯಾಕೆ?"

"ತಿರುವಿನಲ್ಲಿ ಕಿರ್ರ್ ಅಂತ ಕೇಳಿಸ್ತು. ನೀನು ಬಂದೆ ಅಂತ ಟೀಗೆ ನೀರಿಟ್ಟೆ. ಗೇಟು ತೆರೆದ ಸದ್ದೂ ಆಯ್ತು. ಬಂದು ನೋಡಿದ್ರೆ ಯಾರೂ ಇಲ್ಲ. ನೀರು ಕುದ್ದು ಕುದ್ದು ಅರ್ಧ ಆಯ್ತು." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನನಗೆ ಏನೇನೋ ಅನ್ನಿಸಿತು ಅಮ್ಮ."

ಒಂದು ಕ್ಷಣ ನನಗೂ ಏನೇನೋ ಅನ್ನಿಸಿತು. ಆ ಇಳಿಜಾರು ಕಣ್ಣಿಗೆ ಕಟ್ಟಿತು. ನಾನು ನಿಜವಾಗಿ ಯಾವ ಕಡೆಗೆ ಬಿದ್ದೆ? ಬಗ್ಗಿ ಮೊಣಕಾಲು ಮುಟ್ಟಿಕೊಂಡೆ. ಬೆಂಕಿಯ ಹಾಗೆ ಉರಿಯಿತು, ಬೆರಳಿಗೆ ರಕ್ತ ಹತ್ತಿತು. ಸತ್ತವರಿಗೆ ಮೊಣಕಾಲು ಉರಿಯುವುದಿಲ್ಲ. ಮಗಳ ಕೆನ್ನೆ ಹಿಡಿದೆ, ಅದೂ ಬೆಚ್ಚಗಿತ್ತು.

"ಗೇಟು ತೆರೆದದ್ದು ನಿಜವಾಗಿ ಕೇಳಿಸ್ತಾ?"

"ಹೂಂ. ಚಿಲಕ ತೆಗೆದ ಸದ್ದು."

ಅವರು ಹೋದ ದಿನ ಗೇಟು ತೆರೆದಿರಲಿಲ್ಲ, ಇವತ್ತು ತೆರೆದಿದೆ. ಬಿಡಿ ಅಂದರೆ ಬಿಟ್ಟು ಹೋಗುವ ಜಾತಿಯೇ ಅಲ್ಲ ನಮ್ಮವರು. ನಾನೊಂದು ಹೇಳಿದರೆ ಅವರು ಇನ್ನೊಂದು ಮಾಡುವುದು. ಹೆದರಿಕೆ ಹಾಗೇ ಇತ್ತು, ಆದರೂ ಕಣ್ಣಿನ ತುಂಬ ನೀರು ತುಂಬಿ ನಗು ಬಂತು.

"ಒಳಗೆ ಹೋಗು. ಇನ್ನಷ್ಟು ನೀರು ಹಾಕು. ಮೂರು ಲೋಟಕ್ಕೆ" ಅಂದೆ.

ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ನಾನು ಗೂಡಿನ ಹತ್ತಿರ ಕೂತು ನನ್ನ ಶೂ ಬಿಚ್ಚಿಟ್ಟೆ. ಪಕ್ಕದಲ್ಲಿ ಪೇಪರಿನ ಸುತ್ತು ಬಿಚ್ಚಿಕೊಂಡು, ಸವೆದ ಪೆಡಲು ಹೊರಗೆ ಬಂದಿತ್ತು. ಅವರ ಶೂ ಇದ್ದ ಜಾಗ ಖಾಲಿಯಾಗಿತ್ತು.

ಒಳಗೆ, ಈಗಷ್ಟೇ ಒರೆಸಿದ ನಡುಮನೆಯ ನೆಲದ ಕಡೆ ತಿರುಗಿ ಕೂಗಿದೆ. "ರೀ, ಶೂ ಹೊರಗೆ ಬಿಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"