ಮೂಲೆಯಿಂದ ಮೂಲೆಗೆ ತಂತಿ

ಹಾಸನದಿಂದ ಮಧ್ಯಾಹ್ನದ ಬಸ್ಸಿಗೆ ಬಂದ ಅನಸೂಯಮ್ಮ ಗೇಟು ತೆಗೆಯುತ್ತಲೇ ಅಭ್ಯಾಸದಂತೆ ತಲೆಯೆತ್ತಿ ನೋಡಿದಳು. ರೇಡಿಯೊ ತಂತಿ ಮೇಲಿರಲಿಲ್ಲ. ತಾರಸಿಯ ಪೈಪಿನಿಂದ ಪಕ್ಕದ ಮನೆಯ ತೆಂಗಿನ ಮರಕ್ಕೆ ಎಳೆದು ಕಟ್ಟಿದ್ದ ಅರವತ್ತಾರು ಅಡಿ ತಾಮ್ರದ ತಂತಿ ಕಾಕಡ ಗಿಡಗಳ ಮೇಲೆ ಸುರುಳಿಯಾಗಿ ಬಿದ್ದಿತ್ತು.

ಬ್ಯಾಗನ್ನು ಜಗಲಿಯ ಮೇಲಿಟ್ಟು ತಂತಿಯ ತುದಿ ಹುಡುಕಿ ಹಿಡಿದು ನೋಡಿದಳು. ಆಮೇಲೆ ಕಾಂಪೌಂಡಿನ ಹತ್ತಿರ ಹೋಗಿ ಕರೆದಳು.

"ಮಂಚಯ್ಯನವರೇ!"

ಪಕ್ಕದ ಮನೆಯ ಮಂಚಯ್ಯ ಹಿತ್ತಲಲ್ಲಿ ಸೋಗೆ ಒಟ್ಟುತ್ತಿದ್ದ. ಹತ್ತಿರ ಬರಲಿಲ್ಲ.

"ತಂತಿ ಬಿದ್ದಿದೆಯಲ್ಲ?"

"ಗಾಳಿ ಕಣಮ್ಮ. ಬೆಳಿಗ್ಗೆ ಎಂಥಾ ಗಾಳಿ ಅಂತೀರಾ. ಕಿತ್ಕಂಡ್ ಬಿದ್ಬುಡ್ತು."

"ಗಾಳಿಗೆ ಕಿತ್ತುಹೋದ ತಂತಿ ತುದೀಲಿ ಸಣ್ಣಗಾಗಿರುತ್ತೆ, ಎಳೆದ ಪಾಕದ ಹಾಗೆ. ಇಲ್ಲಿ ನೋಡಿ, ಚಪ್ಪಟೆ. ಇದರ ಮೇಲೆ ಕುಡುಗೋಲು ಬಿದ್ದಿದೆ."

ಮಂಚಯ್ಯ ಕೈಯಲ್ಲಿದ್ದ ಸೋಗೆಯನ್ನು ಎಸೆದ. "ಊಂ, ನಾನೇ ಕುಯ್ದೆ. ಏನೀಗ? ನಿಮ್ ತಂತಿ ಕಟ್ಟಿದ ಮ್ಯಾಕೆ ಎಳೇ ಈಚುಕಾಯಿ ಉದುರ್ತಾ ಅವೆ. ಕರೆಂಟು ಮರದೊಳಕ್ಕೆ ಇಳೀತದಂತೆ. ಎಲ್ರೂ ನನ್ನೇ ಆಡ್ಕತಾವ್ರೆ."

"ನುಸಿ ಬಿದ್ದಿದೆ ನಿಮ್ಮ ಮರಕ್ಕೆ. ತಂತಿ ಇಲ್ಲದ ತೋಟದಲ್ಲೂ ಉದುರ್ತಿವೆ, ಹಿರೀಸಾವೆ ತನಕ ಹೋಗಿ ನೋಡ್ಕೊಂಡು ಬನ್ನಿ. ಬೇಡ ಅಂತ ಒಂದು ಮಾತು ಹೇಳಿದ್ದರೆ ನಾನೇ ಬಿಚ್ಚಿಕೊಳ್ತಿದ್ದೆ. ನಾನಿಲ್ಲದ ಹೊತ್ತಲ್ಲಿ ಯಾಕೆ ಕೊಯ್ದಿರಿ?"

ಮಂಚಯ್ಯ ಎಸೆದ ಸೋಗೆಯನ್ನೇ ಮತ್ತೆ ಎತ್ತಿಕೊಂಡು ಒಟ್ಟತೊಡಗಿದ.

ಅನಸೂಯಮ್ಮನಿಗೆ ಅರವತ್ತೊಂದು ವರ್ಷ. ಹೊಳೆನರಸೀಪುರದ ಆ ಮನೆಯಲ್ಲಿ ಅವಳೂ ಅವಳ ಅಕ್ಕ ಲಕ್ಷ್ಮೀದೇವಮ್ಮನೂ ಇದ್ದರು. ಅಕ್ಕ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿದವಳು. ಅನಸೂಯಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವಳು. ಮೊದಲ ಹತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರವರ ಟ್ರಂಕ್ ಕಾಲ್‌ಗಳನ್ನು ಜೋಡಿಸಿದ್ದಳು. ಸಾವಿನ ಸುದ್ದಿ, ಹೆರಿಗೆಯ ಸುದ್ದಿ, ಮದುವೆ ಮುರಿದ ಸುದ್ದಿ, ಎಲ್ಲವೂ ಅವಳ ಬೆರಳ ತುದಿಯಲ್ಲಿ ದಾಟಿಹೋಗುತ್ತಿದ್ದವು. ನಡುವೆ ತಾನು ಒಂದು ಮಾತೂ ಆಡುವ ಹಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಓದಿ, ಪರೀಕ್ಷೆ ಬರೆದು, ಹ್ಯಾಮ್ ಎಂಬ ಹವ್ಯಾಸಿ ರೇಡಿಯೊದ ಲೈಸೆನ್ಸ್ ತೆಗೆದುಕೊಂಡಳು. ದಿನಾ ಸಂಜೆ ಒಂದು ಗಂಟೆ ಕಂಡರಿಯದ ಊರುಗಳ ಜನರ ಜೊತೆ ಮಾತಾಡುತ್ತಿದ್ದಳು. ಯಾರ ಮಾತನ್ನೂ ಜೋಡಿಸುವುದಕ್ಕಲ್ಲ, ತನ್ನದೇ ಮಾತು.

ತಂತಿ ಕಟ್ಟಲು ಅವರದೇ ಹಿತ್ತಲಿನ ಮೂಲೆಯಲ್ಲಿ ನಲವತ್ತಡಿಯ ಸಿಲ್ವರ್ ಓಕ್ ಇತ್ತು. ಆದರೆ ಅದು ಲಕ್ಷ್ಮೀದೇವಮ್ಮ ನೆಟ್ಟ ಮರ. "ನಿನ್ನ ಹುಚ್ಚಿಗೆ ನನ್ನ ಮರ ಸಿಕ್ಕಲ್ಲ" ಎಂದಿದ್ದಳು. ಹಾಗಾಗಿ ಡಿಸೆಂಬರಿನಲ್ಲಿ ಮಂಚಯ್ಯನನ್ನು ಕೇಳಿ, ಅವನು "ಕಟ್ಕಳಿ, ಅದ್ಕೇನು" ಅಂದ ಮೇಲೆ ತೆಂಗಿಗೆ ಕಟ್ಟಿದ್ದಳು.

ತಂತಿ ಬಿದ್ದ ಎರಡನೆಯ ದಿನ ಬಡಾವಣೆಯ ಸಂಘದ ಕಾರ್ಯದರ್ಶಿ ಅನಿಲ್‌ಕುಮಾರ್ ಬಂದ. ಬಸ್ ಸ್ಟ್ಯಾಂಡ್ ಹತ್ತಿರ ಅವನದೊಂದು ಟೈಲ್ಸ್ ಅಂಗಡಿ. ಜೊತೆಯಲ್ಲಿ ಮಂಚಯ್ಯನೂ ನಿವೃತ್ತ ಹೆಡ್‌ಮಾಸ್ಟರ್ ಪಟ್ಟಾಭಿರಾಮನೂ ಇದ್ದರು. ಯಾರೂ ಕೂರಲಿಲ್ಲ.

"ಮೇಡಂ, ಆ ತಂತಿ ಮತ್ತೆ ಕಟ್ಬೇಡಿ. ಸಿಡಿಲು ಎಳೀತದೆ, ಟಿವಿ ಕೆಡ್ತದೆ ಅಂತ ನಾಲ್ಕೈದು ಮನೆಯವರು ಹೇಳ್ತಾವ್ರೆ. ಬಡಾವಣೆಗೆ ಒಂದು ಲಕ್ಷಣ ಅಂತ ಇರ್ತದಲ್ವಾ?"

ಅನಸೂಯಮ್ಮ ಒಳಗಿನಿಂದ ಲೈಸೆನ್ಸ್ ತಂದು ಕೊಟ್ಟಳು. "ಇದು ಕೇಂದ್ರ ಸರ್ಕಾರ ಕೊಟ್ಟಿರೋದು. ಯಾರ ಟಿವಿ ಯಾವಾಗ ಕೆಟ್ಟಿತು ಹೇಳಿ, ಅವರ ಮನೇಲೇ ಕೂತು ಪರೀಕ್ಷೆ ಮಾಡೋಣ. ಕಟ್ಟಬಾರದು ಅಂತ ನಿಯಮ ಇದ್ದರೆ ಬರವಣಿಗೆಯಲ್ಲಿ ಕೊಡಿ."

ಅನಿಲ್‌ಕುಮಾರ್ ಕಾಗದವನ್ನು ತಿರುಗಿಸಿ ನೋಡಿ ಪಟ್ಟಾಭಿರಾಮನ ಕೈಗೆ ಕೊಟ್ಟ. ಪಟ್ಟಾಭಿರಾಮನಿಗೆ ಜಗಳ ಬೇಕಿರಲಿಲ್ಲ. ಅವನು ಮೆತ್ತಗೆ ಹೇಳಿದ: "ಒಂದು ಕೆಲಸ ಮಾಡಿ ಅನಸೂಯಮ್ಮ. ಪ್ರವಾಹ ಗಿವಾಹ ಬಂದಾಗ ಊರಿಗೆ ಸಹಾಯ ಆಗಲಿ ಅಂತ ಇಟ್ಕೊಂಡಿದೀನಿ ಅಂತ ಒಂದು ಅರ್ಜಿ ಬರೆದು ಕೊಡಿ. ಸಮಾಜಸೇವೆ ಅಂದರೆ ಯಾರೂ ಮಾತಾಡಲ್ಲ. ನಾನೇ ಒಪ್ಪಿಸ್ತೀನಿ."

"ಅದಕ್ಕೆ ಇಟ್ಕೊಂಡಿಲ್ವಲ್ಲ ಮೇಷ್ಟ್ರೇ."

"ಹಾಗಂತ ಬರೆದರಾಯ್ತಪ್ಪ."

"ಪ್ರವಾಹ ಬಂದರೆ ಖಂಡಿತ ಸಹಾಯ ಮಾಡ್ತೀನಿ. ಆದರೆ ನಾನು ತಂತಿ ಕಟ್ಟಿದ್ದು ಮಾತಾಡೋದಕ್ಕೆ. ನನಗೆ ಇಷ್ಟ, ಅದಕ್ಕೆ. ಈ ಅನಿಲ್‌ಕುಮಾರ್ ತಾರಸಿ ಮೇಲೆ ಪಾರಿವಾಳ ಸಾಕಿದಾರೆ. ಯಾವ ಸಮಾಜಸೇವೆಗೆ ಅಂತ ಯಾರಾದರೂ ಅರ್ಜಿ ಕೇಳಿದ್ರಾ?"

ಅನಿಲ್‌ಕುಮಾರನ ಮುಖ ಕೆಂಪಾಯಿತು. "ನೋಡಿ, ಮರ್ಯಾದೆಯಾಗಿ ಹೇಳ್ತಾ ಇದೀವಿ. ಕಟ್ಟಿದ್ರೆ ಭಾನುವಾರ ನಾವೇ ಬಂದು ಇಳಿಸ್ತೀವಿ."

"ಭಾನುವಾರ ತಪ್ಪದೆ ಬನ್ನಿ. ಇಳಿಸೋದಕ್ಕೆ ಮೇಲೆ ಏನಾದರೂ ಇರಬೇಕಲ್ಲ, ಅಷ್ಟರಲ್ಲಿ ಕಟ್ಟಿರ್ತೀನಿ."

ಅವರು ಹೋದ ಮೇಲೆ ಅನಸೂಯಮ್ಮ ಲೈಸೆನ್ಸನ್ನು ಮಡಚಿ ಒಳಗಿಟ್ಟಳು. ಅಡುಗೆಮನೆಗೆ ಹೋಗಿ ನೀರು ಕುಡಿದಳು. ಲಕ್ಷ್ಮೀದೇವಮ್ಮ ಹುರುಳಿಕಾಯಿ ಸೋಸುತ್ತ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನನ್ನ ಮರಕ್ಕೆ ಮೊಳೆ ಹೊಡೆಯೋ ಹಾಗಿಲ್ಲ" ಎಂದಳು.

"ನಾನು ಕೇಳಲೇ ಇಲ್ವಲ್ಲ ಅಕ್ಕ."

"ಕೇಳಬೇಡ. ಮೊಳೆ ಹೊಡೀಬೇಡ ಅಂದೆ, ಅಷ್ಟೇ. ಅಪ್ಪನ ಜಗಲಿ ಮೇಲೆ ನಿಂತುಕೊಂಡು ಅವನು ಇಳಿಸ್ತೀನಿ ಅಂತಾನಲ್ಲ! ಏನು ಕೊಬ್ಬು!"

ಅನಸೂಯಮ್ಮ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದಳು. ಐವತ್ತು ಎಂಬತ್ತರ ಸೈಟು. ಮೂಲೆಯಿಂದ ಮೂಲೆಗೆ ತೊಂಬತ್ತನಾಲ್ಕು ಅಡಿ. ಅರವತ್ತಾರು ಅಡಿಯ ತಂತಿ ಒಂದು ಬೆರಳಿನಷ್ಟೂ ಹೊರಗೆ ಹೋಗದೆ ಓರೆಯಾಗಿ ನಿಲ್ಲುತ್ತದೆ.

ಮರುದಿನ ಅರಕಲಗೂಡಿನಿಂದ ದೇವರಾಜುವನ್ನು ಕರೆಸಿದಳು. ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು. ಎಕ್ಸ್‌ಚೇಂಜಿನ ಕಂಬಗಳೂ ಕರೆಂಟ್ ಕಂಬಗಳೂ ಒಂದೇ ಬೀದಿಯಲ್ಲಿದ್ದ ಕಾಲದಿಂದ ಇಬ್ಬರಿಗೂ ಪರಿಚಯ. ಅವನು ಬಂದವನೇ ಮೊದಲು ರಸ್ತೆಯ ಕರೆಂಟ್ ತಂತಿಯನ್ನು ನೋಡಿದ.

"ಪೈಪು ಇಲ್ಲಿ ಬ್ಯಾಡ ಮೇಡಮ್ಮೋರೆ. ಎಂಗೇ ಬಿದ್ರೂ ಕರೆಂಟ್ ಲೈನಿಗೆ ತಗುಲ್ಬಾರ್ದು. ಹಿಂದಕ್ಕೆ ಆಕವ."

ಪೈಪನ್ನು ತಾರಸಿಯ ಒಳಭಾಗಕ್ಕೆ ಸರಿಸಿ, ಎಳೆತಕ್ಕೆ ಎದುರಾಗಿ ಎರಡು ಸ್ಟೇ ತಂತಿ ಬಿಗಿದ. ಆಮೇಲೆ ಮರದ ಕಡೆ ತಿರುಗಿದ. "ಆಷಾಢದ ಗಾಳಿ. ಮರ ಅತ್ಲಾಗೊಂದು ಮೊಳ ಇತ್ಲಾಗೊಂದು ಮೊಳ ಆಡ್ತದೆ. ಬಿಗಿಯಾಗಿ ಕಟ್ಟಿದ್ರೆ ವಾರ ತಡಿಯಾಕಿಲ್ಲ."

"ಬಿಗಿಯಾಗಿ ಕಟ್ಟಲ್ಲ. ರಾಟೆ ಹಾಕೋಣ" ಎಂದಳು ಅನಸೂಯಮ್ಮ.

ಮುಚ್ಚಿಹೋಗಿದ್ದ ಬಾವಿಯ ಕಬ್ಬಿಣದ ರಾಟೆಯನ್ನು ಹಿಂದಿನ ಸಂಜೆಯೇ ಸೀಮೆಎಣ್ಣೆಯಲ್ಲಿ ಉಜ್ಜಿ ಇಟ್ಟಿದ್ದಳು. ತಂತಿಯ ತುದಿಯ ಹಗ್ಗ ರಾಟೆಯ ಮೇಲೆ ಹಾದು ಕೆಳಗಿಳಿದು, ಅದರ ಕೊನೆಗೆ ಒಂದು ಭಾರ ತೂಗಬೇಕು. ಮರ ಆಚೆ ವಾಲಿದರೆ ಭಾರ ಮೇಲೇರುತ್ತದೆ, ಈಚೆ ವಾಲಿದರೆ ಇಳಿಯುತ್ತದೆ. ತಂತಿಯ ಮೇಲಿನ ಎಳೆತ ಮಾತ್ರ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ.

ರಾಟೆಯನ್ನು ಕವಲಿಗೇರಿಸಲು ಮೊದಲು ದಾರ ದಾಟಿಸಬೇಕು. ದೇವರಾಜು ದಾರದ ತುದಿಗೆ ದಪ್ಪ ಬೋಲ್ಟು ಕಟ್ಟಿ ಎರಡು ಸಲ ಎಸೆದ. ಭುಜ ನೋವೆಂದು ಕೂತ. ಅನಸೂಯಮ್ಮ ಸೆರಗು ಸಿಕ್ಕಿಸಿಕೊಂಡು ಎಸೆದಳು. ಮೊದಲನೆಯದು ಕೊಂಬೆಗೆ ಬಡಿದು ಬಿತ್ತು. ಇನ್ನೆರಡು ಎಲೆಯಲ್ಲಿ ಸಿಕ್ಕಿಕೊಂಡವು. ಕಾಂಪೌಂಡಿನಾಚೆ ಮಂಚಯ್ಯ ನೋಡುತ್ತ ನಿಂತಿದ್ದ. ಅವನ ಕಡೆ ತಿರುಗದೆ ನಾಲ್ಕನೆಯದನ್ನು ಎಸೆದಳು. ಬೋಲ್ಟು ಕವಲನ್ನು ದಾಟಿ ಆಚೆ ಕಡೆ ತಿಂಗಳವರೆಯ ಪಾತಿಗೆ ಬಿತ್ತು.

"ಭಲೇ!" ಎಂದಳು ಹಿತ್ತಲ ಬಾಗಿಲಲ್ಲಿದ್ದ ಲಕ್ಷ್ಮೀದೇವಮ್ಮ. ಮರುಗಳಿಗೆಯೇ, "ತೊಗಟೆ ಸವೀದ ಹಾಗೆ ಏನಾದರೂ ಹಾಕಿ" ಎಂದಳು. ರಾಟೆಯನ್ನು ಮೇಲೇರಿಸುವ ಹಗ್ಗ ಕವಲಿನ ಮೇಲೆ ಕೂರುವ ಕಡೆ ತೋಟದ ಪೈಪಿನ ತುಂಡು ತೊಡಿಸಿ, ಅದರ ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಕಟ್ಟಿದರು.

ಭಾರಕ್ಕೆ ಖಾಲಿ ಪೇಂಟ್ ಡಬ್ಬ. ಅನಸೂಯಮ್ಮ ಚೊಂಬಿನಲ್ಲಿ ಮರಳು ಸುರಿಯುತ್ತ ಹೋದಳು. ಜೋತುಬಿದ್ದಿದ್ದ ತಂತಿ ನಿಧಾನವಾಗಿ ಮೇಲೆದ್ದಿತು. ಮಧ್ಯದಲ್ಲಿ, ರೇಡಿಯೊಗೆ ಇಳಿಯುವ ಕೇಬಲ್ಲಿನ ತೂಕಕ್ಕೆ ಇನ್ನೂ ಸ್ವಲ್ಪ ಬಾಗಿತ್ತು. ಮತ್ತೊಂದು ಚೊಂಬು ಎತ್ತಿದಳು.

"ಸಾಕು ಬುಡಿ" ಎಂದ ದೇವರಾಜು. "ಅಷ್ಟು ಜೋಲು ಇರ್ಬೇಕು. ಇನ್ನೂ ಉಯ್ದ್ರೆ ತಂತಿ ಕಿತ್ತೋಯ್ತದೆ." ಡಬ್ಬ ನೆಲದಿಂದ ಐದಡಿ ಮೇಲೆ, ಗೋಡೆಗೂ ಮರಕ್ಕೂ ತಗುಲದ ಹಾಗೆ ನಿಂತಿತು.

ಭಾನುವಾರ ಬೆಳಿಗ್ಗೆ ಗಾಳಿ ಜೋರಾಗಿತ್ತು. ಹತ್ತು ಗಂಟೆಗೆ ಅನಿಲ್‌ಕುಮಾರ್ ಆರು ಜನರೊಂದಿಗೆ ಬಂದ. ಈ ಸಲ ಪಟ್ಟಾಭಿರಾಮ ಇರಲಿಲ್ಲ. ಅವರೆಲ್ಲ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಿ ಮೇಲೆ ನೋಡುತ್ತ ನಿಂತರು. ಸಿಲ್ವರ್ ಓಕ್ ತಲೆ ತೂಗುತ್ತಿತ್ತು. ಡಬ್ಬ ಮೇಲೇರುತ್ತಿತ್ತು, ಇಳಿಯುತ್ತಿತ್ತು. ತಂತಿ ಸಣ್ಣಗೆ ಗುಂಯ್‌ಗುಡುತ್ತಿತ್ತು.

"ಇದು ನಮ್ ಕಾಂಪೌಂಡ್ ಮ್ಯಾಲೆ ಬೀಳ್ತದೆ" ಎಂದ ಮಂಚಯ್ಯ.

ಅನಸೂಯಮ್ಮ ಅಳತೆಯ ಟೇಪನ್ನು ಅವನ ಕೈಗಿಟ್ಟಳು. "ಅಳೆಯಿರಿ. ತಂತಿ ಎಲ್ಲೂ ನಿಮ್ಮ ಗೋಡೆಗೆ ಏಳಡಿಗಿಂತ ಹತ್ತಿರ ಇಲ್ಲ. ಮರ ನಮ್ಮದು, ಪೈಪು ನಮ್ಮದು, ನೆಲ ನಮ್ಮದು."

ಮಂಚಯ್ಯ ಟೇಪನ್ನು ಬಿಚ್ಚಲಿಲ್ಲ. ಅನಿಲ್‌ಕುಮಾರ್ ಮರದ ಬುಡದಲ್ಲಿ ಕಟ್ಟಿದ್ದ ಹಗ್ಗದ ಕಡೆ ಎರಡು ಹೆಜ್ಜೆ ಇಟ್ಟ. ಅನಸೂಯಮ್ಮ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಮುಟ್ಟಿ. ಎಲ್ಲರೂ ನೋಡ್ತಿದಾರೆ. ಮುಟ್ಟಿದ ತಕ್ಷಣ ಸ್ಟೇಷನ್ನಿಗೆ ಹೋಗ್ತೀನಿ. ನಿಮ್ಮ ಹೆಸರು, ಇವರ ಹೆಸರು, ಒಬ್ಬೊಬ್ಬರದೂ ಬರೆಸ್ತೀನಿ."

"ಮೇಡಂ, ಹೆಂಗಸರು ಅಂತ ಸುಮ್ನಿದೀನಿ..."

"ಸುಮ್ಮನಿರಬೇಡಿ. ಏನು ಮಾಡ್ತೀರೋ ಮಾಡಿ, ನೋಡೋಣ."

ಲಕ್ಷ್ಮೀದೇವಮ್ಮ ಒಂದು ಕುರ್ಚಿ ತಂದು ತಂಗಿಯ ಪಕ್ಕದಲ್ಲೇ ಹಾಕಿಕೊಂಡು ಕೂತಳು. "ಇದು ನಾನು ನೆಟ್ಟ ಮರ. ನಾನು ಊಟದ ಹೊತ್ತಿನ ತನಕ ಇಲ್ಲೇ ಇರ್ತೀನಿ" ಎಂದಳು.

ಬಂದವರಲ್ಲಿ ಒಬ್ಬ ಫೋನು ಬಂತೆಂದು ಹೊರಟ. ಇನ್ನಿಬ್ಬರು ಅವನ ಹಿಂದೆ ಹೋದರು. ಅನಿಲ್‌ಕುಮಾರ್ ಇನ್ನಷ್ಟು ಹೊತ್ತು ನಿಂತಿದ್ದು, "ಪುರಸಭೆಗೆ ಕಂಪ್ಲೇಂಟ್ ಕೊಡ್ತೀನಿ" ಎಂದು ತಿರುಗಿದ.

"ಕೊಡಿ. ಅನಸೂಯಮ್ಮ ಅಂತ ಒತ್ತು ಸರಿಯಾಗಿ ಹಾಕಿ ಬರೀರಿ" ಎಂದು ಅವಳು ಹಿಂದಿನಿಂದ ಕೂಗಿದಳು.

ದೂರು ಹೋಯಿತು. ಪುರಸಭೆಯಿಂದ ಒಬ್ಬರು ಬಂದು ನೋಡಿ, ಲೈಸೆನ್ಸಿನ ನಕಲು ತೆಗೆದುಕೊಂಡು, ಕಾಫಿ ಕುಡಿದು ಹೋದರು. ಆಮೇಲೆ ಯಾವ ನೋಟಿಸೂ ಬರಲಿಲ್ಲ. ಬಡಾವಣೆಯ ಅರಿಶಿನ ಕುಂಕುಮಕ್ಕೆ ಅಕ್ಕತಂಗಿಯರನ್ನು ಕರೆಯುವುದು ನಿಂತಿತು. ಮಂಚಯ್ಯ ಎದುರಾದರೆ ರಸ್ತೆಯ ಇನ್ನೊಂದು ಬದಿಗೆ ಹೋಗುತ್ತಿದ್ದ. ಅನಸೂಯಮ್ಮ ಮಾತ್ರ ನಡೆಯುವ ಬದಿ ಬದಲಿಸಲಿಲ್ಲ.

ಇದಕ್ಕೆಲ್ಲ ಮುಂಚೆ, ಆ ಭಾನುವಾರದ ಸಂಜೆಯೇ ಅವಳು ರೇಡಿಯೊ ಹಾಕಿ ಕರೆದಳು. ಮೊದಲ ಕಾಲು ಗಂಟೆ ಬರೀ ಕರಕರ. ಆಮೇಲೆ ಶಿವಮೊಗ್ಗದ ಕಡೆಯ ಒಬ್ಬ ಡಾಕ್ಟರು ಉತ್ತರ ಕೊಟ್ಟರು. ಸಿಗ್ನಲ್ ತುಂಬ ಚೆನ್ನಾಗಿದೆ, ಆಂಟೆನಾ ಯಾವುದು, ಹೇಗೆ ಕಟ್ಟಿದ್ದೀರಿ ಎಂದು ಕೇಳಿದರು.

ಅನಸೂಯಮ್ಮ ಎದ್ದು ಮಂಚಯ್ಯನ ಮನೆಯ ಕಡೆಯ ಕಿಟಕಿಯ ಎರಡೂ ಬಾಗಿಲು ತೆರೆದಳು. ಬಂದು ಕೂತು, ಮೈಕು ಹಿಡಿದು, ಪೈಪು ಎಷ್ಟು ಎತ್ತರ, ಸ್ಟೇ ಎಷ್ಟು, ರಾಟೆ ಯಾವುದು, ಡಬ್ಬದಲ್ಲಿ ಎಷ್ಟು ಚೊಂಬು ಮರಳು ಎಂದು ಒಂದೊಂದಾಗಿ, ಬೀದಿಗೆಲ್ಲ ಕೇಳುವ ಹಾಗೆ ಹೇಳತೊಡಗಿದಳು.