ಬಂಗಾರದಂಥ ಸೊಸೆ

ನನ್ನ ಮಗಳಿಗೂ ಆ ಕಾಲೇಜಿಗೂ ನಡುವೆ ಇದ್ದದ್ದು ಬರೀ ನಾಲ್ಕು ಅಂಕ. ಮಾತು ನಿಂತುಹೋದವರಿಗೆ ಮತ್ತೆ ಮಾತು ಕಲಿಸುವ ವಿದ್ಯೆ ಓದಬೇಕೆಂದು ಅವಳು ಹಟ ಹಿಡಿದು ಕುಳಿತಿದ್ದಳು. ಅದನ್ನು ಕಲಿಸುವ ಕಾಲೇಜು ನಮ್ಮ ಕೈಗೆಟಕುವ ದೂರದಲ್ಲಿ ಇರುವುದು ಅದೊಂದೇ. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಕಳಿಸಿದ ಕಾಗದದಲ್ಲಿ 'ವಿಷಾದಿಸುತ್ತೇವೆ' ಎಂದು ಬರೆದಿದ್ದರು. ವಿಷಾದ ಇರುವವರು ಅಷ್ಟು ನೀಟಾಗಿ ಟೈಪ್ ಮಾಡುವುದಿಲ್ಲ.

ಆ ನಾಲ್ಕು ಅಂಕ ಎಲ್ಲಿ ಹೋದವೆಂದು ನನಗೆ ಗೊತ್ತು. ಪರೀಕ್ಷೆಗೆ ಎರಡು ತಿಂಗಳಿದೆ ಎನ್ನುವಾಗ ನಮ್ಮತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಬಾಯಿ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಊರಿಗೆಲ್ಲ ಲೈನು ಕೊಟ್ಟವರು, ಹತ್ತೊಂಬತ್ತು ವರ್ಷ ನನ್ನ ಮೇಲೆ ನಾಲಗೆ ಮಸೆದವರು, 'ನೀರು' ಎನ್ನಲೂ ಆಗದೆ ಮಲಗಿಬಿಟ್ಟರು. ನನ್ನ ಗಂಡ ಲಾರಿ ಓಡಿಸುತ್ತಾರೆ, ತಿಂಗಳಿಗೆ ಎರಡು ಸಲ ಮನೆಯ ಮುಖ ನೋಡಿದರೆ ಹೆಚ್ಚು. ನನಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ರಜೆ ಕೇಳಿದ್ದಕ್ಕೆ ಸೂಪರ್‌ವೈಸರ್, "ತಗೊಳ್ಳಿ, ಪೂರ್ತಿಯಾಗೇ ತಗೊಳ್ಳಿ" ಎಂದ. ಅದರ ಅರ್ಥ ತಿಳಿಯದಷ್ಟು ಪೆದ್ದಿ ನಾನಲ್ಲ. ಹಾಗಾಗಿ ಊರಿನ ರೋಗಿಗಳ ಹಾಸಿಗೆ ಬಟ್ಟೆ ನಾನು ಒಗೆದೆ, ನಮ್ಮ ಮನೆಯ ರೋಗಿಯದನ್ನು ಮಗಳು ಒಗೆದಳು.

ಒಗೆದದ್ದಷ್ಟೇ ಅಲ್ಲ. ತಿನ್ನಿಸಿದಳು, ಮೈ ಒರೆಸಿದಳು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಾಯಿಸಿದಳು. ಕನ್ನಡಿ ಹಿಡಿದು ಎದುರು ಕುಳಿತು, "ಅಜ್ಜಿ, ತುಟಿ ಕೂಡಿಸು. ಮ ಅನ್ನು, ಮ" ಎಂದು ದಿನವಿಡೀ ಹೇಳಿಸಿದಳು. ಹನ್ನೊಂದನೆಯ ದಿನ ಅತ್ತೆ 'ಮ' ಎಂದರು. ಆಮೇಲೆ ಮಗಳು ತನ್ನ ಪಠ್ಯಪುಸ್ತಕವನ್ನೇ ಗಟ್ಟಿಯಾಗಿ ಓದುವುದು, ಅದನ್ನೇ ಅವರ ಬಾಯಲ್ಲಿ ಹೇಳಿಸುವುದು, "ನಂದೂ ಓದಾಯ್ತಲ್ಲಮ್ಮ" ಎನ್ನುವುದು. ಎಲ್ಲಿಯ ಓದು? ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹಿಡಿಯುತ್ತಿತ್ತು. ಅವಳು ಪರೀಕ್ಷೆ ಬರೆಯುವ ಹೊತ್ತಿಗೆ ಪುಸ್ತಕ ಅರ್ಧವೂ ಮುಗಿದಿರಲಿಲ್ಲ. ಅತ್ತೆಯ ನಾಲಗೆ ಮಾತ್ರ ಮುಕ್ಕಾಲು ಪಾಲು ಹೊರಳುತ್ತಿತ್ತು.

ಮೇಲ್ಮನವಿ ಹಾಕಬಹುದೆಂದು ಹೇಳಿದ್ದು ಕಾಲೇಜಿನ ಕೌಂಟರಿನ ಗುಮಾಸ್ತ. ಮನೆಯ ಕಷ್ಟದಿಂದ ಅಂಕ ಕಳೆದುಕೊಂಡವರಿಗೆಂದು ಎರಡು ಸೀಟು ತೆಗೆದಿಡುತ್ತಾರಂತೆ. ನಾವು ಕೊಟ್ಟ ಡಾಕ್ಟರ ಚೀಟಿಯನ್ನು ಆತ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಕಾಯಿಲೆ ಇತ್ತು ಅಂತ ಇದೆ. ಯಾರು ನೋಡ್ಕೊಂಡ್ರು ಅಂತ ಇಲ್ವಲ್ಲಮ್ಮ. ವಿಚಾರಣೆ ದಿನ ಅಜ್ಜೀನೇ ಕರ್ಕೊಂಡ್ಬನ್ನಿ. ಅವರ ಬಾಯಲ್ಲೇ ಬಂದ್ರೆ ಮುಗೀತು."

ಮನೆಗೆ ಬಂದು ಮಗಳನ್ನು ಕೇಳಿದೆ: "ಅಲ್ಲಿ ಏನು ಹೇಳ್ಬೇಕು ಅಂತ ಅತ್ತೆಗೆ ಹೇಳ್ಕೊಡ್ಲಾ?"

"ಬೇಡಮ್ಮ. ನಡೆದಿದ್ದನ್ನ ಹೇಳಿದ್ರೆ ಸಾಕಲ್ಲ."

ಇಂಥ ಸತ್ಯವಂತೆ ನನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದಳೋ!

ವಿಚಾರಣೆ ಮೂರನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಮಗಳು ಅಜ್ಜಿಯ ಸೊಂಟಕ್ಕೆ ಕೈಕೊಟ್ಟು ಮೆಟ್ಟಿಲು ಮೆಟ್ಟಿಲಿಗೂ ನಿಲ್ಲಿಸಿ ಹತ್ತಿಸಿದಳು. ಅದನ್ನು ನೋಡುವವರು ಆ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬಾಗಿಲ ಬಳಿ ಅತ್ತೆ ಊರುಗೋಲನ್ನು ನನ್ನ ಕೈಗೆ ತುರುಕಿ, ಕೂದಲು ನೇವರಿಸಿಕೊಂಡು, ಹಲ್ಲು ಕಚ್ಚಿ ನೆಟ್ಟಗೆ ಒಳಗೆ ನಡೆದರು.

ಉದ್ದನೆಯ ಮೇಜಿನ ಹಿಂದೆ ಮೂವರಿದ್ದರು. ಮಧ್ಯದಲ್ಲಿದ್ದ ಪ್ರೊಫೆಸರಮ್ಮ ಒಳ್ಳೆಯವರಂತೆ ಕಂಡರು. ಅತ್ತೆಗೆ ತಾವೇ ಕುರ್ಚಿ ಎಳೆದು ಕೊಟ್ಟರು.

"ನಿಮಗೆ ಹುಷಾರಿಲ್ಲದಾಗ ಯಾರು ನೋಡ್ಕೊಂಡ್ರು ಅಜ್ಜಿ?"

ಅತ್ತೆ ಗಂಟಲು ಸರಿಮಾಡಿಕೊಂಡರು. ಬಂದದ್ದು ಹಳೆಯ ಎಕ್ಸ್‌ಚೇಂಜಿನ ದನಿ. ನಿಧಾನವಾಗಿತ್ತು, ಆದರೆ ಒಂದಕ್ಷರವೂ ತೊದಲಲಿಲ್ಲ. ಒಂದೊಂದು ಅಕ್ಷರವನ್ನೂ ನನ್ನ ಮಗಳು ಕೂರಿಸಿ ಕಲಿಸಿದ್ದಳು.

"ನನ್ನ ಸೊಸೆ. ಕೆಲಸಕ್ಕೆ ರಜೆ ಹಾಕಿ ಹಗಲೂ ರಾತ್ರಿ ನೋಡ್ಕೊಂಡ್ಳು. ಹೆತ್ತ ಮಗಳೂ ಹಾಗೆ ಮಾಡಲ್ಲ. ಓದು ಕೆಡುತ್ತೆ ಅಂತ ಮೊಮ್ಮಗಳನ್ನ ನನ್ನ ರೂಮಿನ ಕಡೆ ತಲೆ ಹಾಕೋಕೂ ಬಿಡ್ಲಿಲ್ಲ. ಬಂಗಾರದಂಥ ಸೊಸೆ."

ಹತ್ತೊಂಬತ್ತು ವರ್ಷ. ನಾನು ಮಾಡಿದ ಅಡುಗೆ, ಮಡಿಸಿದ ಬಟ್ಟೆ, ನನ್ನ ನಡಿಗೆ, ನನ್ನ ತವರು, ಒಂದಕ್ಕೂ ಅವರ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದಿಲ್ಲ. ಈಗ ಮೂವರು ದೊಡ್ಡ ಮನುಷ್ಯರ ಎದುರು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕಣ್ಣು ತುಂಬಿತು. ಪ್ರೊಫೆಸರಮ್ಮ ನನ್ನ ಕಡೆ ತಿರುಗಿ, "ಹೌದೇನಮ್ಮ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ.

"ಅಮ್ಮಾ" ಎಂದಳು ಮಗಳು.

ಆಗ ನನಗೆ ಎಚ್ಚರವಾಯಿತು. "ಇಲ್ಲ ಮೇಡಂ, ನಾನಲ್ಲ. ನನಗೆ ರಜೇನೇ ಸಿಗ್ಲಿಲ್ಲ. ನೋಡ್ಕೊಂಡಿದ್ದು ಇವಳು" ಎಂದು ತಡಬಡಾಯಿಸಿದೆ.

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು. "ಈಗ ತಾನೇ ಹೌದು ಅಂದ್ರಿ. ಎರಡರಲ್ಲಿ ಯಾವುದು ಬರ್ಕೊಳ್ಲಿ?"

"ಅವಳ ಸ್ವಭಾವಾನೇ ಹಾಗೆ. ಹೊಗಳಿದ್ರೆ ಸಂಕೋಚ" ಎಂದು ಅತ್ತೆ ನಕ್ಕರು. ಬಲಗಡೆಯ ತುಟಿ ಕೂಡ ಸರಿಯಾಗಿ ಮೇಲೆದ್ದಿತು.

ಪ್ರೊಫೆಸರಮ್ಮ ಮಗಳನ್ನು ಕೇಳಿದರು. ಅವಳು ಅಜ್ಜಿಯನ್ನೊಮ್ಮೆ ನೋಡಿ, "ಅರ್ಜೀಲಿ ಬರೆದಿರೋದು ನಿಜ ಮೇಡಂ" ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ಅಜ್ಜಿ ಸುಳ್ಳು ಹೇಳಿದರು ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಗಳು ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತಳು. ಅತ್ತೆ ನನ್ನ ಮೊಣಕೈ ತಿವಿದರು.

"ಹೇಗೆ ಹೇಳ್ದೆ ನೋಡು! ಮನೇಲಿ ಹಾಸಿಗೆ ಹಿಡಿದ ಮುದುಕಿ ಇದ್ದಾಳೆ, ಈ ಹುಡುಗೀನೇ ಚಾಕರಿ ಮಾಡ್ಬೇಕು ಅಂತ ಗೊತ್ತಾದ್ರೆ ಯಾರಾದ್ರೂ ಸೀಟ್ ಕೊಡ್ತಾರಾ? ನಾಳೆ ಕ್ಲಾಸಿಗೆ ಚಕ್ಕರ್ ಹೊಡೀತಾಳೆ ಅಂದ್ಕೊಳ್ತಾರೆ. ನೀವಿಬ್ರೂ ದಡ್ಡಿಯರು, ಅದನ್ನೇ ಅರ್ಜೀಲಿ ಬರೆದಿದ್ದೀರಿ. ನಾನು ಎಲ್ಲಾ ಸರಿ ಮಾಡ್ದೆ."

ನಾನು ತಡೆಯಲಾಗದೆ ಕೇಳಿದೆ: "ಮತ್ತೆ ಬಂಗಾರದಂಥ ಸೊಸೆ ಅಂದ್ರಲ್ಲ, ಅದು?"

"ಅದೂ ಸೀಟಿಗೇ ಕಣೆ. ಇನ್ನೇನಂದ್ಕೊಂಡೆ?"

ಅವರನ್ನು ಬಯ್ಯೋಣವೆಂದರೆ ಅಷ್ಟು ಹಿಗ್ಗಿನಲ್ಲಿದ್ದರು. ಮೊಮ್ಮಗಳಿಗೆ ಉಪಕಾರ ಮಾಡಿದ ಹಿಗ್ಗು ಅದು. ಮೈಯಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಆ ಕೋಣೆಯಲ್ಲಿ ಸುರಿದು ಬಂದಿದ್ದರು.

ಒಂಬತ್ತನೆಯ ದಿನ ಉತ್ತರ ಬಂತು. ಮೇಲ್ಮನವಿ ವಜಾ. ಕಾರಣ ಒಂದೇ ಸಾಲು: ರೋಗಿಯ ಆರೈಕೆ ಮಾಡಿದ್ದು ಅಭ್ಯರ್ಥಿಯ ತಾಯಿ ಎಂದು ರೋಗಿ ಹೇಳಿದ್ದಾರೆ, ತಾಯಿಯೂ ಅದನ್ನು ಒಪ್ಪಿದ್ದಾರೆ. ಮಗಳು ಅಡುಗೆಮನೆಯಲ್ಲಿ ನಿಂತೇ ಓದಿ, ಕಾಗದವನ್ನು ನನಗೆ ಕೊಟ್ಟಳು.

"ಅಮ್ಮ, ಅವತ್ತು ಯಾಕೆ ತಲೆಯಾಡಿಸ್ದೆ?"

ಏನೇನೋ ಹೇಳಬಹುದಿತ್ತು. ಗಾಬರಿಯಾಯಿತು, ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲ ಎಂದರೆ ನಂಬುತ್ತಿದ್ದಳು.

"ಖುಷಿಯಾಗಿತ್ತು ಕಣೆ" ಎಂದೆ.

"ಸುಳ್ಳು ಅಂತ ಗೊತ್ತಿದ್ರೂನಾ?"

"ಗೊತ್ತಿದ್ರೂನು."

ಅವಳು ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತು, ಮೆಲ್ಲಗೆ ಹೇಳಿದಳು:

"ನಂಗೊಂದು ಮಾತು ಹೇಳಿದ್ರೆ ನಾನೇ ಹೊಗಳ್ತಿದ್ನಲ್ಲಮ್ಮ."